ಬರಿಗೈಯ ಶಿಕಾರಿ

ಶಿಕಾರಿಗೆಂದು ಹೊರಟವನು ಬರಿಗೈಯಲ್ಲಿ ಮನೆಗೆ ಮರಳಿದರೆ ನಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಮನೆಯಾಕೆ ಅರೆದಿಟ್ಟ ಮಸಾಲೆಯನ್ನು ತೋರಿಸುತ್ತಾಳೆ. ನೆರೆಯವನು ಬೇಲಿಯಾಚೆಯಿಂದಲೇ “ಎಷ್ಟು ಬಿತ್ತು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತಾನೆ. ಪಾಪ, ಶಿಕಾರಿಯವನು ಗಾಳಿಯನ್ನೋ ಬಂದೂಕನ್ನೋ ಜೊತೆಗಾರನ ಕೆಮ್ಮನ್ನೋ ದೂರಿ ತನ್ನ ಮಾನವನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಆದರೆ ಬರಿಗೈಯಲ್ಲಿ ಮರಳುವುದೇ ರೂಢಿಯೆಂದೂ, ಕೈತುಂಬಿ ಮರಳುವುದು ಅದೃಷ್ಟವೆಂದೂ ಆಡುವವರೇ ಒಪ್ಪಿಕೊಂಡಿರುವ ಶಿಕಾರಿಯೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಉಂಟು. ಅದು ವಸಂತಕಾಲದ ಟರ್ಕಿ ಕೋಳಿಯ ಬೇಟೆ. ಪ್ರತಿವರ್ಷವೂ ಲಕ್ಷಾಂತರ ಮಂದಿ ಕಚೇರಿಗೆ ರಜೆ ಹಾಕಿ, ನಸುಕಿನ ನಾಲ್ಕು ಗಂಟೆಗೆದ್ದು, ಇಬ್ಬನಿಯಿಂದ ತೊಯ್ದ ನೆಲದ ಮೇಲೆ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಇವರಲ್ಲಿ ಹಲವರು ಮಾರ್ಗದರ್ಶಿಗೆ ಹಣ ತೆತ್ತು ಬಂದವರು. ಅನೇಕ ರಾಜ್ಯಗಳಲ್ಲಿ ಇಂಥ ಬೇಟೆಗಾರರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಋತುವಿಡೀ ಒಂದು ಕೋಳಿಯನ್ನೂ ತರಲಾರರು. ಆದರೂ ಮುಂದಿನ ವರ್ಷ ಅದೇ ಮಾರ್ಗದರ್ಶಿಗೆ ಮರಳಿ ಕಾಗದ ಬರೆಯುತ್ತಾರೆ. ಹಣ ಕೊಟ್ಟು ಬರಿಗೈಯನ್ನು ಕೊಂಡುತರುವ ಈ ಜನರಿಗೆ ದೊರೆಯುವುದಾದರೂ ಏನು?

ಹೆಸರಿನ ಗೊಂದಲ

ಟರ್ಕಿ ಕೋಳಿ ಟರ್ಕಿ ದೇಶದ್ದಲ್ಲ. ಅದರ ತವರು ಉತ್ತರ ಅಮೆರಿಕ ಖಂಡ. ಮೆಕ್ಸಿಕೋದ ಪ್ರಾಚೀನ ಜನರು ಅದನ್ನು ಪಳಗಿಸಿ ಸಾಕಿದ್ದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. ತುರ್ಕಿ ವರ್ತಕರ ಮೂಲಕ ಬರುತ್ತಿದ್ದ ಗಿನಿ ಕೋಳಿಯೊಡನೆ ಇದನ್ನು ಬೆರೆಸಿಕೊಂಡ ಇಂಗ್ಲಿಷರು ‘ಟರ್ಕಿ’ ಎಂದು ಕರೆದರು. ಫ್ರೆಂಚರು ಇದು ಇಂಡಿಯಾದ ಹಕ್ಕಿಯೆಂದು ಭಾವಿಸಿ ‘ದಾಂದ್’ ಎಂದರು. ಪೋರ್ಚುಗೀಸರು ‘ಪೆರು’ ಎಂದರು. ಇನ್ನು ತುರ್ಕಿಯವರೋ, ತಮ್ಮ ಮೇಲೆ ಹೊರಿಸಿದ ಹಕ್ಕಿಯನ್ನು ‘ಹಿಂದಿ’ ಎಂದು ಕರೆದು ಇಂಡಿಯಾದ ಮೇಲೆ ಹಾಕಿದರು! ಹೀಗೆ ಎಲ್ಲರೂ ಪರರ ದೇಶದ ಹೆಸರಿಟ್ಟರೇ ಹೊರತು, ಹಕ್ಕಿಯ ನಿಜವಾದ ಊರನ್ನು ಯಾರೂ ಹೇಳಲಿಲ್ಲ.

ಇಂಡಿಯಾಕ್ಕೂ ಈ ಹಕ್ಕಿ ಬಂದದ್ದುಂಟು. ಅದು ಗೋವಾದ ದಾರಿಯಾಗಿ. ೧೬೧೨ರಲ್ಲಿ ಮುಕರ್ರಬ್ ಖಾನನೆಂಬ ಅಧಿಕಾರಿ ಗೋವಾದಿಂದ ಕೊಂಡು ತಂದ ಅಪೂರ್ವ ಪ್ರಾಣಿಪಕ್ಷಿಗಳನ್ನು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದನು. ಅವುಗಳಲ್ಲಿ ಟರ್ಕಿ ಹುಂಜವೂ ಒಂದು. ಮದವೇರಿದಾಗ ಅದು ನವಿಲಿನಂತೆ ಗರಿ ಕೆದರುವುದನ್ನೂ, ಅದರ ತಲೆಯ ಬಣ್ಣ ಗೋಸುಂಬೆಯದರಂತೆ ಬದಲಾಗುವುದನ್ನೂ ಕಂಡು ಬೆರಗಾದ ಬಾದಶಹನು ಆ ಸಂಗತಿಯನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟನು. ಆಸ್ಥಾನದ ಚಿತ್ರಕಾರ ಮನ್ಸೂರನು ಬರೆದ ಆ ಹುಂಜದ ಚಿತ್ರ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಅಮೆರಿಕದವರಿಗೂ ಈ ಹಕ್ಕಿಯೆಂದರೆ ಅಭಿಮಾನ. ರಾಷ್ಟ್ರಲಾಂಛನದಲ್ಲಿ ಹದ್ದನ್ನು ಇಟ್ಟುದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ನನು ೧೭೮೪ರಲ್ಲಿ ತನ್ನ ಮಗಳಿಗೆ ಬರೆದ ಪತ್ರವೊಂದರಲ್ಲಿ ಹಾಸ್ಯ ಮಾಡಿ, ಪರರ ಬೇಟೆಯನ್ನು ಕಸಿಯುವ ಹದ್ದಿಗಿಂತ ಟರ್ಕಿ ಕೋಳಿಯೇ ಮರ್ಯಾದಸ್ಥ ಪಕ್ಷಿಯೆಂದು ವಾದಿಸಿದನು. ಹಾಸ್ಯವಾದರೂ ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ.

ಕಾಡಿನದೇ ಬೇರೆ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಕೃತಜ್ಞತೆಯ ಹಬ್ಬದಂದು, ಅಮೆರಿಕದ ಮನೆಮನೆಯಲ್ಲಿಯೂ ಊಟದ ಮೇಜನ್ನೇರುವುದು ಸಾಕಿದ ಟರ್ಕಿ. ಕೊಬ್ಬಿ ಬೆಳೆದ ಆ ಜೀವಕ್ಕೆ ಹಾರಲು ಕೂಡ ಬಾರದು. ಕಾಡಿನಲ್ಲಿರುವ ಅದರ ಬಂಧುವಿನ ರೀತಿಯೇ ಬೇರೆ. ಇಪ್ಪತ್ತು ಪೌಂಡಿನವರೆಗೂ ತೂಗುವ ಹುಂಜ ಓಟಕ್ಕೆ ನಿಂತರೆ ಮನುಷ್ಯನು ಹಿಂದೆ ಬೀಳುವನು. ಅಗತ್ಯ ಬಿದ್ದರೆ ಅದು ನೆಲದಿಂದ ನೇರವಾಗಿ ಎದ್ದು ಮರಗಳ ನೆತ್ತಿಯನ್ನು ದಾಟಿ ಹಾರುವುದು. ರಾತ್ರಿ ನೆಲದ ಮೇಲೆ ಮಲಗುವುದಿಲ್ಲ. ಎತ್ತರದ ಮರದ ಕೊಂಬೆಯೇ ಅದರ ಶಯ್ಯೆ.

ಅದರ ಕಣ್ಣೆಂದರೆ ಬೇಟೆಗಾರನಿಗೆ ಭಯ. ತಲೆಯ ಎರಡು ಪಕ್ಕಗಳಲ್ಲಿರುವ ಆ ಕಣ್ಣುಗಳಿಗೆ ಕತ್ತು ಅಲುಗಿಸದೆಯೇ ಸುತ್ತಲಿನ ಮುಕ್ಕಾಲು ಪಾಲು ಕಾಣುತ್ತದೆ. ಕತ್ತನ್ನು ಕೊಂಚ ತಿರುಗಿಸಿದರೆ ಬೆನ್ನ ಹಿಂದಿನದೂ ಮರೆಯಲ್ಲ. ಬಣ್ಣಗಳನ್ನು ಚೆನ್ನಾಗಿ ಗುರುತಿಸಬಲ್ಲುದು. ಕಿವಿಯಂತೂ ಬಹಳ ಚುರುಕು. ವಾಸನೆಯೊಂದು ಮಾತ್ರ ಅಷ್ಟಾಗಿ ತಿಳಿಯದು. ಈ ಹಕ್ಕಿಗೆ ಮೂಸಿ ನೋಡುವ ಶಕ್ತಿಯೂ ಇದ್ದಿದ್ದರೆ ಮನುಷ್ಯರಾರೂ ಇದನ್ನು ಹೊಡೆಯುತ್ತಿರಲಿಲ್ಲವೆಂದು ಬೇಟೆಗಾರರು ಹಾಸ್ಯವಾಗಿ ಹೇಳುವುದುಂಟು.

ಆದುದರಿಂದ ಬೇಟೆಗಾರನು ಮುಡಿಯಿಂದ ಅಡಿಯವರೆಗೆ ಎಲೆಹಸುರು ಬಣ್ಣದ ಉಡುಪು ತೊಟ್ಟು, ಮುಖಕ್ಕೆ ಬಲೆಯ ಮುಸುಕು ಹಾಕಿ, ಕೈಗೂ ಗವಸು ತೊಡಬೇಕು. ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಕರವಸ್ತ್ರವೂ ಮೈಮೇಲೆ ಇರಕೂಡದು. ಏಕೆಂದರೆ ವಸಂತಕಾಲದ ಹುಂಜದ ತಲೆಗೆ ಈ ಮೂರೂ ಬಣ್ಣಗಳು ಬರುವುವು. ದೂರದ ಪೊದೆಯಲ್ಲಿ ಅಂಥ ಬಣ್ಣವನ್ನು ಕಂಡು, ಕೋಳಿಯೆಂದು ಭ್ರಮಿಸಿ, ಬೇಟೆಗಾರನು ಬೇಟೆಗಾರನನ್ನೇ ಹೊಡೆದ ದುರಂತಗಳು ನಡೆದಿವೆ. ಹೆಗಲಿಗಿಂತ ಅಗಲವಾದ ಬೊಡ್ಡೆಗೆ ಬೆನ್ನು ಕೊಟ್ಟೇ ಕೂರಬೇಕೆಂಬ ನಿಯಮವೂ ಈ ಭಯದಿಂದಲೇ ಹುಟ್ಟಿದ್ದು.

ತಲೆಕೆಳಗಾದ ಪ್ರಣಯ

ವಸಂತವು ಈ ಹಕ್ಕಿಗಳ ಪ್ರಣಯಕಾಲ. ಹುಂಜವು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಗಳನ್ನು ನೆಲಕ್ಕೆ ಒರೆಸುತ್ತ, ಎದೆಯುಬ್ಬಿಸಿ ಮೆಲ್ಲಮೆಲ್ಲನೆ ಹೆಜ್ಜೆಯಿಡುವುದು. ಎದೆಯಿಂದ ಜೋಲುವ ಒರಟು ಕೂದಲಿನಂಥ ಗರಿಗಳ ಕುಚ್ಚಿಗೆ ‘ಗಡ್ಡ’ವೆಂದು ಹೆಸರು. ನಡುನಡುವೆ ಕತ್ತು ಚಾಚಿ ಅದು ಕೂಗುವ ಕೂಗು ಗಂಟಲಲ್ಲಿ ನೀರು ಹಾಕಿಕೊಂಡು ಗುಳಗುಳಿಸಿದಂತೆ ಆರಂಭವಾಗಿ ಒಮ್ಮೆಲೇ ಸಿಡಿಯುತ್ತದೆ. ಗಾಳಿ ಶಾಂತವಾಗಿದ್ದರೆ ಮೈಲಿಯಾಚೆಗೂ ಕೇಳಿಸುವುದು.

ಈ ಕೂಗಿನ ಅರ್ಥ ಸರಳ: “ನಾನಿಲ್ಲಿದ್ದೇನೆ, ಬಾ.” ಪ್ರಕೃತಿಯ ನಿಯಮದಂತೆ ಹೇಂಟೆಯು ಹುಂಜವಿರುವಲ್ಲಿಗೆ ಹೋಗಬೇಕು. ಆದರೆ ಬೇಟೆಗಾರನು ಹೇಂಟೆಯ ಕೂಗನ್ನು ಅನುಕರಿಸಿ, ಹುಂಜವನ್ನೇ ತನ್ನ ಬಳಿಗೆ ಕರೆಯುತ್ತಾನೆ. ಹುಡುಗನು ಹೆಣ್ಣು ನೋಡಲು ಹೋಗುವ ಮನೆತನದಲ್ಲಿ ಹೆಣ್ಣೇ ಗಂಡು ನೋಡಲು ಹೊರಟಂತೆ ಇದು, ಸಂಪ್ರದಾಯವೇ ತಲೆಕೆಳಗು! ವಯಸ್ಸಾದ ಹುಂಜಕ್ಕೆ ಒಡನೆಯೇ ಅನುಮಾನ. ‘ಬರಬೇಕಾದವಳು ಏಕೆ ಬರುತ್ತಿಲ್ಲ?’ ಎಂದು ನಿಂತುಬಿಡುವುದು. ಈ ಬೇಟೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಕರೆಯುವ ಸಾಧನಗಳು ಹಲವು ಬಗೆ. ಟರ್ಕಿಯ ರೆಕ್ಕೆಯ ಮೂಳೆಯನ್ನೇ ಕೊಳವೆ ಮಾಡಿ ಗಾಳಿಯನ್ನು ಒಳಕ್ಕೆಳೆದು ನುಡಿಸುವ ವಿದ್ಯೆಯನ್ನು ಅಮೆರಿಕದ ಮೂಲನಿವಾಸಿಗಳು ಬಲ್ಲವರಾಗಿದ್ದರು. ೧೮೯೭ರಲ್ಲಿ ಆರ್ಕನ್ಸಾ ರಾಜ್ಯದ ಹೆನ್ರಿ ಗಿಬ್ಸನ್ ಎಂಬಾತನು ಮರದ ಪುಟ್ಟ ಪೆಟ್ಟಿಗೆಯೊಂದಕ್ಕೆ ಹಕ್ಕುಪತ್ರ ಪಡೆದನು. ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಹೇಂಟೆಯ ದನಿ ಹೊರಡುವುದು. ಸ್ಲೇಟಿನ ಬಿಲ್ಲೆಯ ಮೇಲೆ ಕಡ್ಡಿಯಿಂದ ಗೀರುವುದು ಇನ್ನೊಂದು ವಿಧ. ಅಂಗುಳಕ್ಕೆ ಒತ್ತಿಟ್ಟುಕೊಂಡು ಊದುವ ತೆಳು ರಬ್ಬರಿನ ಪಟಲ ಮತ್ತೊಂದು ವಿಧ. ಕೈಗಳನ್ನು ಬಿಡುವಾಗಿಡುವ ಇದನ್ನು ಅನುಭವಸ್ಥರು ಹೆಚ್ಚಾಗಿ ಮೆಚ್ಚುವರು. ಕಲಿಯುವವನ ಮನೆಯವರಿಗೆ ಮಾತ್ರ ಮಾರ್ಚ್ ತಿಂಗಳೆಲ್ಲ ಕರ್ಣಶೂಲೆ.

ಮಾರ್ಗದರ್ಶಿಯ ಕೆಲಸ

ಮಿಸ್ಸೂರಿ ರಾಜ್ಯದ ದಕ್ಷಿಣ ಭಾಗದಲ್ಲಿ ಓಜಾರ್ಕ್ ಎಂಬ ಹಳೆಯ, ತಗ್ಗಾದ ಬೆಟ್ಟಸಾಲು ಇದೆ. ಓಕ್, ಹಿಕರಿ ಮರಗಳ ಕಾಡು. ನಡುವೆ ಸುಣ್ಣಕಲ್ಲಿನ ನೆಲದಿಂದ ಚಿಮ್ಮುವ ತಣ್ಣನೆಯ ಬುಗ್ಗೆಗಳು. ಏಪ್ರಿಲ್ ತಿಂಗಳ ನಡುವಿನಲ್ಲಿ, ದೊಡ್ಡ ಮರಗಳಿನ್ನೂ ಚಿಗುರುವ ಮೊದಲೇ, ಅವುಗಳ ಕೆಳಗೆ ಡಾಗ್‌ವುಡ್ ಗಿಡಗಳು ಬಿಳಿಯ ಹೂವನ್ನೂ ರೆಡ್‌ಬಡ್ ಗಿಡಗಳು ನಸುಗೆಂಪು ಹೂವನ್ನೂ ಹೊತ್ತು ನಿಲ್ಲುವುವು. ನಗರದಲ್ಲಿ ಲೆಕ್ಕಪತ್ರಗಳ ನಡುವೆ ವರ್ಷ ಕಳೆಯುವ ಗೃಹಸ್ಥನೊಬ್ಬನು ಮೂರು ದಿನಗಳ ಬೇಟೆಗೆಂದು ಇಲ್ಲಿಗೆ ಬಂದನೆಂದು ಓದುಗರು ಕಲ್ಪಿಸಿಕೊಳ್ಳಲಿ.

ಆತನಿಗಿಂತ ಮೊದಲೇ ಮಾರ್ಗದರ್ಶಿಯ ಕೆಲಸ ಆರಂಭವಾಗಿರುತ್ತದೆ. ಜಮೀನಿನ ಒಡೆಯರ ಅಪ್ಪಣೆ ಪಡೆಯಬೇಕು. ವಾರಗಟ್ಟಲೆ ಮೊದಲಿನಿಂದಲೇ ಬೆಳಗಾಗುವಷ್ಟರಲ್ಲಿ ಗುಡ್ಡದ ಮೇಲೆ ನಿಂತು, ಯಾವ ದಿಕ್ಕಿನಲ್ಲಿ ಎಷ್ಟು ಹುಂಜಗಳು ಕೂಗುತ್ತವೆಂದು ಕೇಳಿಸಿಕೊಳ್ಳಬೇಕು. ಕೆಸರಿನಲ್ಲಿ ಮೂಡಿದ ಹೆಜ್ಜೆ, ತರಗೆಲೆ ಕೆದರಿದ ಗುರುತು, ರೆಕ್ಕೆಯ ತುದಿ ಮಣ್ಣಿನಲ್ಲಿ ಎಳೆದ ಗೀರು, ಇವೆಲ್ಲವನ್ನೂ ಓದಬೇಕು. ಬೇಟೆಯ ಹಿಂದಿನ ಸಂಜೆ ಇನ್ನೊಂದು ಕರ್ತವ್ಯವುಂಟು. ಸೂರ್ಯಾಸ್ತದ ವೇಳೆಗೆ ಗೂಬೆಯಂತೆ ಒಮ್ಮೆ ಕೂಗುವುದು. ಗೂಬೆಯ ದನಿ ಕೇಳಿದರೆ ಕೊಂಬೆಯ ಮೇಲಿನ ಹುಂಜವು ಸಿಟ್ಟಿನಿಂದಲೋ ಬೆಚ್ಚಿಯೋ ತನಗರಿಯದಂತೆ ಮಾರುತ್ತರ ಕೊಟ್ಟುಬಿಡುವುದು! ಅಲ್ಲಿಗೆ ಅದು ಮಲಗಿರುವ ಮರ ಗೊತ್ತಾಯಿತು. ಹಕ್ಕಿಯನ್ನು ಮಲಗಿಸಿ ಬರುವುದೆಂದೇ ಇದಕ್ಕೆ ಅಲ್ಲಿಯ ನುಡಿಗಟ್ಟು.

ಒಳ್ಳೆಯ ಮಾರ್ಗದರ್ಶಿಯು ಮೊದಲ ರಾತ್ರಿಯೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತಾನೆ: “ಹಕ್ಕಿಯಿರುವ ಜಾಗಕ್ಕೆ ಕರೆದೊಯ್ಯುವೆನು. ಹಕ್ಕಿಯ ಪರವಾಗಿ ಮಾತು ಕೊಡಲಾರೆನು.”

ನಸುಕಿನ ಸಭೆ

ಗೃಹಸ್ಥನು ನಾಲ್ಕು ಗಂಟೆಗೆದ್ದು ಕಾಫಿ ಕುಡಿದು, ಕತ್ತಲಲ್ಲಿ ಮಾರ್ಗದರ್ಶಿಯ ಹಿಂದೆ ಅರ್ಧ ಮೈಲಿ ನಡೆಯುತ್ತಾನೆ. ದೀಪ ಹಚ್ಚುವಂತಿಲ್ಲ. ಒಣಗಿದ ಕಡ್ಡಿಯೊಂದು ಕಾಲಡಿಯಲ್ಲಿ ಮುರಿದರೆ ಇಬ್ಬರೂ ನಿಂತುಬಿಡುತ್ತಾರೆ. ಹುಂಜ ಮಲಗಿರುವ ಮರಕ್ಕೆ ನೂರೈವತ್ತು ಗಜ ದೂರದಲ್ಲಿ ದೊಡ್ಡದೊಂದು ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು ಆತ ಕೂರುತ್ತಾನೆ. ಮಾರ್ಗದರ್ಶಿ ಪಕ್ಕದ ಮರಕ್ಕೆ. ಬಂದೂಕು ಎತ್ತಿದ ಮೊಣಕಾಲಿನ ಮೇಲೆ. ಇನ್ನು ಅಲುಗುವಂತಿಲ್ಲ.

ಮೊದಲು ಕೇಳಿಸುವುದು ವಿಪ್‌ಪೂರ್‌ವಿಲ್. ಕನ್ನಡ ನಾಡಿನ ನತ್ತಿಂಗ ಹಕ್ಕಿಯ ಬಂಧುವಾದ ಅದು ತನ್ನ ಹೆಸರನ್ನೇ ನೂರು ಸಲ ಜಪಿಸಿ ಸುಮ್ಮನಾಗುವುದು. ಪೂರ್ವದಲ್ಲಿ ಬೂದುಬಣ್ಣ ಮೂಡುತ್ತಲೂ ಕೆಂಪು ಕಾರ್ಡಿನಲ್ ಹಕ್ಕಿಗಳ ಸಿಳ್ಳು ಆರಂಭ. ಹಳ್ಳದಾಚೆ ನಿಜವಾದ ಗೂಬೆಯೊಂದು ಕೂಗುವುದು. ಅದರ ದನಿ ಮುಗಿಯುವ ಮೊದಲೇ, ತಲೆಯ ಮೇಲಿನ ಆಕಾಶವೇ ಬಿರಿದಂತೆ, ಹುಂಜ ಕೂಗುವುದು.

ಮನೆಯಲ್ಲಿ ಕುಳಿತು ಪುಸ್ತಕದಲ್ಲಿ ಓದಿದವನಿಗೆ ಆ ದನಿಯ ಪರಿಚಯವಾಗದು. ಅದು ಕಿವಿಗಿಂತ ಹೆಚ್ಚಾಗಿ ಪಕ್ಕೆಲುಬಿಗೆ ತಾಕುವುದು. ಐವತ್ತು ವರ್ಷದ ಗೃಹಸ್ಥನ ಎದೆ ಪರೀಕ್ಷೆಯ ಹಾಲಿನಲ್ಲಿ ಕುಳಿತ ಹುಡುಗನದರಂತೆ ಹೊಡೆದುಕೊಳ್ಳುತ್ತದೆ. ಮಾರ್ಗದರ್ಶಿಯು ನಿದ್ದೆಗಣ್ಣಿನ ಹೇಂಟೆಯೊಂದು ಗೊಣಗಿದಂತೆ ಮೂರು ಮೆಲುದನಿಗಳನ್ನು ಹೊರಡಿಸುತ್ತಾನೆ. ಒಡನೆಯೇ ಹುಂಜದ ಉತ್ತರ. ಸ್ವಲ್ಪ ಹೊತ್ತಿಗೆ ದೊಡ್ಡ ಕಂಬಳಿಯನ್ನು ಒದರಿದಂತೆ ರೆಕ್ಕೆಯ ಶಬ್ದ. ಹಕ್ಕಿ ನೆಲಕ್ಕಿಳಿಯಿತು.

ಅರುವತ್ತು ಗಜ

ಮುಂದಿನ ಮುಕ್ಕಾಲು ಗಂಟೆ ನಡೆಯುವುದು ಒಂದು ಸಂಭಾಷಣೆ. ಇತ್ತಲಿಂದ ಒಂದು ಕರೆ, ಅತ್ತಲಿಂದ ಎರಡು ಕೂಗು. ಕೂಗು ಸಮೀಪಿಸುವುದು, ಪಕ್ಕಕ್ಕೆ ಸರಿಯುವುದು, ಮತ್ತೆ ಸಮೀಪಿಸುವುದು. ಮಾರ್ಗದರ್ಶಿ ಬೇಕೆಂದೇ ಮೌನ ತಾಳುತ್ತಾನೆ. ಬಯಸಿದವರು ಸುಮ್ಮನಾದರೆ ಕುತೂಹಲ ಹೆಚ್ಚುವುದು ಹಕ್ಕಿಗಳಲ್ಲಿಯೂ ಉಂಟು. ಸೊಳ್ಳೆಯೊಂದು ಗೃಹಸ್ಥನ ಮುಸುಕಿನೊಳಗೆ ಸೇರಿದೆ. ಕಾಲು ಜೋಮು ಹಿಡಿದಿದೆ. ಅಲುಗುವಂತಿಲ್ಲ.

ಕೊನೆಗೆ ಡಾಗ್‌ವುಡ್ ಹೂಗಳ ಕೆಳಗೆ ಅದು ಕಾಣಿಸಿಕೊಳ್ಳುತ್ತದೆ. ಬಿಸಿಲಿನ ಮೊದಲ ಕಿರಣ ತಾಕಿ ಮೈಯ ಗರಿಗಳು ತಾಮ್ರದಂತೆಯೂ ಹಸುರು ರೇಷ್ಮೆಯಂತೆಯೂ ಹೊಳೆಯುತ್ತವೆ. ಬಾಲ ಬಿಚ್ಚುತ್ತದೆ, ತಲೆ ಬಿಳಿಯಾಗಿ, ನೀಲಿಯಾಗಿ, ಕತ್ತು ಕೆಂಪಾಗುತ್ತದೆ. ನಾನೂರು ವರ್ಷಗಳ ಹಿಂದೆ ಬಾದಶಹನೊಬ್ಬನು ಬೆರಗಾಗಿ ನೋಡಿದುದನ್ನು ಲೆಕ್ಕಪತ್ರದ ಗೃಹಸ್ಥನು ಈಗ ನೋಡುತ್ತಿದ್ದಾನೆ.

ಆದರೆ ಹಕ್ಕಿ ನಿಂತಿರುವುದು ಅರುವತ್ತು ಗಜ ದೂರದಲ್ಲಿ. ಈ ಬೇಟೆಗೆ ಬಳಸುವುದು ಒಂದೇ ಗುಂಡಿನ ಕೋವಿಯನ್ನಲ್ಲ, ಚರೆ ಸಿಡಿಸುವ ಬಂದೂಕನ್ನು. ತಲೆಗೂ ಕತ್ತಿಗೂ ಗುರಿಯಿಟ್ಟು, ಸುಮಾರು ನಲವತ್ತು ಗಜದೊಳಗೆ ಹೊಡೆದರೆ ಹಕ್ಕಿ ತಕ್ಷಣ ಸಾಯುವುದು. ಅದಕ್ಕೂ ದೂರವಾದರೆ ಚರೆ ಚೆದರಿ, ಹಕ್ಕಿ ಗಾಯಗೊಂಡು ಹಾರಿಹೋಗಿ, ಯಾರ ಕಣ್ಣಿಗೂ ಬೀಳದೆ ಎಲ್ಲಿಯೋ ನರಳಿ ಸಾಯುವುದು. ಗೃಹಸ್ಥನ ಬೆರಳು ಕೊಕ್ಕೆಯ ಬಳಿ ಇದೆ. ಇದು ಮೂರನೆಯ ದಿನ, ಕೊನೆಯ ಬೆಳಗು. ಕೊಟ್ಟ ಹಣ ನೆನಪಿಗೆ ಬರುತ್ತದೆ. ಬೇಲಿಯಾಚೆಯ ನೆರೆಯವನೂ ನೆನಪಿಗೆ ಬರುತ್ತಾನೆ. ಹೊಡೆದರೆ ತಾಕಲೂಬಹುದು. ಪಕ್ಕದ ಮರದಿಂದ ಉಸಿರಿನಷ್ಟೇ ಮೆಲುವಾಗಿ ಒಂದು ಮಾತು ಬರುತ್ತದೆ: “ಬೇಡ.”

ಆತ ಹೊಡೆಯುವುದಿಲ್ಲ.

ಎಡಗಡೆಯ ಪೊದೆಯಿಂದ ನಿಜವಾದ ಹೇಂಟೆಯೊಂದು ಹೊರಬರುತ್ತದೆ. ಮನುಷ್ಯನ ವಿದ್ಯೆಯೆಲ್ಲ ಅಲ್ಲಿಗೆ ವ್ಯರ್ಥ. ಹುಂಜವು ಬಾಲ ಮಡಚಿ, ವಿಧೇಯನಾದ ಮದುವಣಿಗನಂತೆ ಅವಳ ಹಿಂದೆ ಗುಡ್ಡವಿಳಿದು ಹೋಗುತ್ತದೆ. ಕೂಗು ಇನ್ನೊಮ್ಮೆ ದೂರದಿಂದ ಕೇಳಿಸುವುದು, ಆಮೇಲೆ ಇಲ್ಲ.

ಹಕ್ಕಿ ಮರಳಿದ ಕಥೆ

ಆ ಒಂದು ‘ಬೇಡ’ದ ಬೆಲೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು.

ಯೂರೋಪಿನವರು ಬಂದು ನೆಲೆಸಿದಾಗ ಅಮೆರಿಕದ ಕಾಡುಗಳಲ್ಲಿ ಈ ಕೋಳಿಗಳಿಗೆ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದುದಕ್ಕೆ ಕೊನೆಯೂ ಇಲ್ಲವೆಂದು ಜನ ನಂಬಿದರು. ಕಾಡು ಕಡಿದು ಹೊಲ ಮಾಡಿದರು. ಹೊಡೆದ ಹಕ್ಕಿಗಳನ್ನು ಬಂಡಿಗಟ್ಟಲೆ ಪೇಟೆಗೆ ಸಾಗಿಸಿದರು. ಹುಂಜವೆನ್ನಲಿಲ್ಲ, ಕಾವು ಕುಳಿತ ಹೇಂಟೆಯೆನ್ನಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿ ೧೮೫೧ರಲ್ಲಿ ಗುಂಡಿಗೆ ಬಲಿಯಾಯಿತು. ೧೯೩೦ರ ದಶಕದ ವೇಳೆಗೆ ಇಡೀ ದೇಶದಲ್ಲಿ ಉಳಿದವು ಸುಮಾರು ಎರಡು ಲಕ್ಷವೆಂದು ಒಂದು ಅಂದಾಜು. ಅದಕ್ಕಿಂತಲೂ ಬಹಳ ಕಡಿಮೆಯೆಂದು ಇನ್ನೊಂದು.

ಎಚ್ಚರಗೊಂಡವರಲ್ಲಿ ಬೇಟೆಗಾರರೂ ಮುಂದಿದ್ದರು. ೧೯೩೭ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂದಿತು. ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ಶೇಕಡ ೧೧ರಷ್ಟು ಸುಂಕವನ್ನು ವನ್ಯಜೀವಿಗಳ ರಕ್ಷಣೆಗೆಂದೇ ಮೀಸಲಿಟ್ಟ ಕಾಯಿದೆಯದು. ಮೊದಮೊದಲು ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸಿ ಸಾವಿರಾರು ಕೋಳಿಗಳನ್ನು ಕಾಡಿಗೆ ಬಿಟ್ಟರು. ತಾಯಿಯ ಪಾಠವಿಲ್ಲದೆ ಬೆಳೆದ ಆ ಮರಿಗಳಿಗೆ ನರಿ ಯಾವುದು, ಗಿಡುಗ ಯಾವುದು ಎಂಬುದೇ ತಿಳಿಯದು, ಬಹುಪಾಲು ಸತ್ತುಹೋದವು. ಕಾಡಿನ ಹಕ್ಕಿಯನ್ನೇ ಜೀವಸಹಿತ ಹಿಡಿದು ಬೇರೆ ಕಾಡಿಗೆ ಬಿಡಬೇಕಾಗಿತ್ತು. ಆದರೆ ಆ ಕಣ್ಣಿಗೆ ಮಣ್ಣೆರಚಿ ಹಿಡಿಯುವುದು ಹೇಗೆ? ೧೯೫೧ರಲ್ಲಿ ದಕ್ಷಿಣ ಕ್ಯಾರೊಲಿನಾದ ಫ್ರಾನ್ಸಿಸ್ ಮೇರಿಯನ್ ರಾಷ್ಟ್ರೀಯ ಅರಣ್ಯದಲ್ಲಿ ಉತ್ತರ ದೊರೆಯಿತು. ಕಾಳು ಚೆಲ್ಲಿ, ಹಕ್ಕಿಗಳು ನೆರೆದಾಗ ಸಣ್ಣ ಫಿರಂಗಿಗಳಿಂದ ದೊಡ್ಡ ಬಲೆಯನ್ನು ಅವುಗಳ ಮೇಲೆ ಹಾರಿಸಿದರು. ಕೊಲ್ಲಲೆಂದು ಹುಟ್ಟಿದ ಮದ್ದು ಉಳಿಸುವ ಕೆಲಸಕ್ಕೆ ಬಂದಿತು.

ಮ್ಯಾಸಚೂಸೆಟ್ಸಿಗೆ ೧೯೭೨-೭೩ರಲ್ಲಿ ನ್ಯೂಯಾರ್ಕಿನಿಂದ ತಂದು ಬಿಟ್ಟ ಹಕ್ಕಿಗಳು ಕೇವಲ ೩೭. ಅವುಗಳ ಸಂತತಿ ಈಗ ಆ ರಾಜ್ಯದ ನಗರಗಳ ಬೀದಿಗಳಲ್ಲಿಯೂ ಮೋಟಾರುಗಳನ್ನು ತಡೆದು ನಿಲ್ಲಿಸುವಷ್ಟಿದೆ. ಮಿಸ್ಸೂರಿಯಲ್ಲಿ ಹಲವು ವರ್ಷಗಳ ನಿಷೇಧದ ನಂತರ ೧೯೬೦ರಲ್ಲಿ ವಸಂತದ ಬೇಟೆಗೆ ಅನುಮತಿ ಕೊಟ್ಟಾಗ, ಅದು ಮೂರೇ ದಿನ, ೧೪ ಕೌಂಟಿಗಳಲ್ಲಿ ಮಾತ್ರ. ದೊರೆತ ಹುಂಜಗಳು ೯೪. ಈಗ ಅಲ್ಲಿ ಒಂದು ವಸಂತದಲ್ಲಿ ಹತ್ತಾರು ಸಾವಿರ ಸಿಗುತ್ತವೆ. ೧೯೭೩ರಲ್ಲಿ ರಾಷ್ಟ್ರೀಯ ಕಾಡು ಟರ್ಕಿ ಒಕ್ಕೂಟ ಸ್ಥಾಪನೆಯಾಯಿತು. ಈ ಶತಮಾನದ ಆರಂಭದ ಹೊತ್ತಿಗೆ ದೇಶದ ಕಾಡು ಟರ್ಕಿಗಳ ಸಂಖ್ಯೆ ಸುಮಾರು ಎಪ್ಪತ್ತು ಲಕ್ಷಕ್ಕೆ ಏರಿತು. ಅಲಾಸ್ಕವೊಂದನ್ನು ಬಿಟ್ಟು ಉಳಿದ ೪೯ ರಾಜ್ಯಗಳಲ್ಲಿಯೂ ಇಂದು ಈ ಹಕ್ಕಿ ಇದೆ.

ನಿಯಮಗಳು ಆ ನೆನಪಿನಿಂದಲೇ ಬಿಗಿಯಾಗಿವೆ. ವಸಂತದಲ್ಲಿ ಗಂಡನ್ನು, ಅಥವಾ ಗಡ್ಡವಿರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು. ಒಂದು ಹುಂಜ ಹಲವು ಹೇಂಟೆಗಳೊಡನೆ ಕೂಡುವುದರಿಂದ, ಕೂಟದ ಕಾಲ ಬಹುಮಟ್ಟಿಗೆ ಕಳೆದ ಮೇಲೆ ಕೆಲವು ಹುಂಜಗಳು ಹೋದರೂ ಸಂತತಿಗೆ ಹಾನಿಯಾಗದೆಂಬ ಲೆಕ್ಕ. ಮಿಸ್ಸೂರಿಯಲ್ಲಿ ಕಾಳು ಚೆಲ್ಲಿ ಆಸೆ ತೋರಿಸಿ ಹೊಡೆಯುವುದು ಅಪರಾಧ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಂದೂಕು ಕೆಳಗಿಡಬೇಕು. ಕೊಂದ ಹಕ್ಕಿಯ ಮಾಂಸವನ್ನು ಮಾರುವಂತಿಲ್ಲ. ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಬರಿಗೈಯಲ್ಲಿ ಮರಳುವವರೇ ಹೆಚ್ಚಾದರೆ ಆಶ್ಚರ್ಯವೇನು? ಅವರು ಬರಿಗೈಯಲ್ಲಿ ಮರಳುವುದರಿಂದಲೇ ಮುಂದಿನ ವಸಂತದಲ್ಲಿ ಕೂಗಲು ಹಕ್ಕಿ ಉಳಿಯುವುದು.

ಮತ್ತೆ ಕವಿದ ಚಿಂತೆ

ಇಲ್ಲಿಗೆ ಕಥೆ ಮಂಗಳವಾಗಿ ಮುಗಿಯಿತೆಂದು ಹೇಳುವಂತಿಲ್ಲ. ಶಿಖರ ಮುಟ್ಟಿದ ಸಂಖ್ಯೆ ಆಮೇಲೆ ಇಳಿದು ಈಗ ಸುಮಾರು ಅರುವತ್ತು ಲಕ್ಷವೆಂದು ಎಣಿಸಲಾಗಿದೆ. ದಕ್ಷಿಣದ ರಾಜ್ಯಗಳಲ್ಲಿ ಒಂದೊಂದು ಹೇಂಟೆಯ ಹಿಂದೆ ಕಾಣುವ ಮರಿಗಳು ಮೊದಲಿಗಿಂತ ಕಡಿಮೆ. ಹತ್ತು-ಹನ್ನೆರಡು ಮೊಟ್ಟೆಗಳನ್ನು ನೆಲದ ಮೇಲಿಟ್ಟು ೨೮ ದಿನ ಕಾವು ಕೊಡುವ ತಾಯಿಗೆ ಶತ್ರುಗಳು ಬಹಳ. ಗೂಡಿಗೆ ಮರೆಯಾಗುವ ಹುಲ್ಲುಪೊದೆಗಳು ಕಡಿಮೆಯಾದುದೋ, ಮೊಟ್ಟೆ ಕದಿಯುವ ರಕೂನ್ ಮೊದಲಾದುವು ಹೆಚ್ಚಿದುದೋ, ಮಳೆಯ ಕಾಲ ತಪ್ಪಿದುದೋ, ಹುಂಜಗಳನ್ನು ತೀರ ಬೇಗ ಹೊಡೆದುದೋ, ಇವುಗಳಲ್ಲಿ ಯಾವುದರ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಅಲಬಾಮವು ೨೦೨೨ರಲ್ಲಿ ಒಬ್ಬನಿಗೆ ಐದು ಎಂದಿದ್ದ ಮಿತಿಯನ್ನು ನಾಲ್ಕಕ್ಕಿಳಿಸಿತು. ಟೆನೆಸ್ಸಿಯು ೨೦೨೩ರಲ್ಲಿ ಬೇಟೆಯ ಆರಂಭವನ್ನು ಎರಡು ವಾರ ಮುಂದೂಡಿ, ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಗೊಣಗಿದ ಬೇಟೆಗಾರರೂ ಇದ್ದಾರೆ. ಇನ್ನೂ ಕಡಿಮೆ ಮಾಡಿರೆಂದು ತಾವೇ ಕೇಳಿದವರೂ ಇದ್ದಾರೆ.

ಕನ್ನಡ ನಾಡಿನ ಓದುಗರಿಗೆ ಬೇಟೆಯೆಂಬ ಮಾತು ಈಗ ಅಷ್ಟು ಹಿತವಾಗಿ ಕೇಳಿಸಲಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂಡಿಯಾದಲ್ಲಿ ಶಿಕಾರಿಯ ಕಾಲಕ್ಕೆ ತೆರೆಯೆಳೆಯಿತು. ಅಲ್ಲಿಯದು ಒಂದು ದಾರಿ, ಇಲ್ಲಿಯದು ಇನ್ನೊಂದು. ಆದರೂ ಒಂದು ಅನುಭವ ಎರಡು ಕಡೆಗೂ ಸಮಾನ. ಕಬಿನಿಯ ಕಾಡಿನಲ್ಲಿ ನಸುಕಿನ ಜೀಪನ್ನೇರಿ, ಜಿಂಕೆಯ ಎಚ್ಚರಿಕೆಯ ಕೂಗಿಗೆ ಉಸಿರು ಬಿಗಿಹಿಡಿದು ಕಾದು, ಹುಲಿಯನ್ನು ಕಾಣದೆಯೇ ಮರಳಿದ ಸಂಸಾರಗಳು ಎಷ್ಟಿಲ್ಲ? ಹುಲಿ ಕಾಣಲಿಲ್ಲವೆಂದು ಮಕ್ಕಳು ಮುಖ ಸಣ್ಣದು ಮಾಡುವುದುಂಟು. ಆದರೆ ಮನೆಗೆ ಬಂದ ಮೇಲೆ ಅವರು ಅಜ್ಜಿಗೆ ವರ್ಣಿಸುವುದು ಆ ಜಿಂಕೆಯ ಕೂಗನ್ನೇ.

ಚೀಲದಲ್ಲಿ ಬಂದದ್ದು

ಓಜಾರ್ಕ್ ಬೆಟ್ಟದಿಂದ ಇಳಿಯುವಾಗ ಮಾರ್ಗದರ್ಶಿಯು ಒಣಗಿದ ಎಲ್ಮ್ ಮರದ ಬುಡದಲ್ಲಿ ಬಗ್ಗಿ, ತರಗೆಲೆ ಸರಿಸಿ ತೋರಿಸುತ್ತಾನೆ. ಜೇನುಹುಟ್ಟಿನಂತೆ ಗೂಡುಗೂಡಾದ ಮೊರೆಲ್ ಅಣಬೆಗಳು. ಹಿಮಾಲಯದ ಜನ ‘ಗುಚ್ಛಿ’ಯೆಂದು ಬಹುಮಾನ್ಯ ಮಾಡುವ ಅಣಬೆಯ ಜಾತಿಯೇ ಇದು. ಟರ್ಕಿಯ ಕೂಗೂ ಮೊರೆಲ್ಲೂ ಅಲ್ಲಿ ಒಂದೇ ಕಾಲಕ್ಕೆ ಬರುತ್ತವೆ. ಹಕ್ಕಿ ಸಿಗದವನ ಚೀಲ ಅಣಬೆಯಿಂದ ತುಂಬುವುದು ಅಪರೂಪವೇನಲ್ಲ. ಹಸಿಯಾಗಿ ತಿನ್ನಕೂಡದು, ಬೆಣ್ಣೆಯಲ್ಲಿ ಚೆನ್ನಾಗಿ ಬೇಯಿಸಬೇಕು.

ಕಾಫಿಯ ಮೇಜಿನ ಬಳಿ ಇಬ್ಬರೂ ಆ ಬೆಳಗನ್ನು ಮೊದಲಿನಿಂದ ಮತ್ತೆ ಆಡಿ ಮುಗಿಸುತ್ತಾರೆ. ಹತ್ತು ಗಜ ಮುಂದೆ ಕೂತಿದ್ದರೆ? ಆ ಹೇಂಟೆ ಐದು ನಿಮಿಷ ತಡವಾಗಿ ಬಂದಿದ್ದರೆ? ಮಾರ್ಗದರ್ಶಿ ಲೆಕ್ಕ ಚುಕ್ತ ಮಾಡಿಕೊಳ್ಳುವಾಗ ಕೊಂಚ ಸಂಕೋಚಪಡುತ್ತಾನೆ. ಗೃಹಸ್ಥನು ಮುಂದಿನ ಏಪ್ರಿಲ್ಲಿನ ಮೂರು ದಿನಗಳನ್ನು ಆಗಲೇ ಗೊತ್ತುಮಾಡುತ್ತಾನೆ. ಆ ಹುಂಜ ಅದೇ ಗುಡ್ಡದಲ್ಲಿ ಇರುತ್ತದೆ. ಇನ್ನೊಂದು ವರ್ಷ ವಯಸ್ಸಾಗಿ, ಇನ್ನಷ್ಟು ಅನುಮಾನ ಕಲಿತು.

ಸಂಜೆ ಮೋಟಾರು ಮನೆಯ ಮುಂದೆ ನಿಲ್ಲುತ್ತದೆ. ಬೇಲಿಯಾಚೆ ನೆರೆಯವನು ಕಾದೇ ಇದ್ದಾನೆ. “ಎಷ್ಟು ಬಿತ್ತು?”

“ಬೀಳಲಿಲ್ಲ,” ಎನ್ನುತ್ತಾನೆ ಗೃಹಸ್ಥ. “ಬನ್ನಿ, ಅಣಬೆ ಹುರಿಯುತ್ತೇವೆ. ಅದು ಕೂಗಿದ್ದು ಹೇಗೆಂದು ಹೇಳುತ್ತೇನೆ.”